ಬ್ಯಾಕ್ಟೀರಿಯಾಗಳ ಕ್ಷಮೆ ಕೇಳಿದ ಪ್ರಾಧ್ಯಾಪಕರು

೧೯೮೮ರ ಮಾರ್ಚ್ ೧೪, ಸೋಮವಾರ: ದಿನಾಂಕವನ್ನು ನನ್ನ ಪರೀಕ್ಷಾ ಪ್ರವೇಶಪತ್ರದಿಂದ ಖಚಿತಪಡಿಸಿಕೊಂಡಿದ್ದೇನೆ. ಅಂದು ಚಿಕ್ಕೋಡಿಯ ಕಾಲೇಜಿನಲ್ಲಿ ನಮ್ಮ ಪ್ರಾಯೋಗಿಕ ಪರೀಕ್ಷೆಗಾಗಿ, ಜೈನರಾದ ನಮ್ಮ ಪ್ರಾಧ್ಯಾಪಕರು ಬ್ಯಾಕ್ಟೀರಿಯಾಗಳನ್ನು ಅರೆದು ಪ್ರೋಟೀನ್ ತೆಗೆಯಬೇಕಿತ್ತು. ನಮ್ಮ ಅಂಕಗಳೆಲ್ಲ ಅದರ ಮೇಲೆಯೇ ನಿಂತಿದ್ದವು. "ಮಡಿಕಿ ಬಿಚ್ಚಿದ್ರ ಕೆಲಸ ಕೆಟ್ಟಂಗ" ಎಂಬುದು ಅವರ ನಿತ್ಯಮಂತ್ರ. ಬಿಸಿ ತಾಗಿ ಪ್ರೋಟೀನಿನ ಮಡಿಕೆ ಬಿಚ್ಚದಿರಲೆಂದು ನಿಪ್ಪಾಣಿಯಿಂದ ಬರ್ಫ, ಅಂದರೆ ಮಂಜುಗಡ್ಡೆ, ತರಿಸಿದ್ದವರು ಅವರೇ. ಅದು ಕರಗುತ್ತಿದ್ದರೂ ಅರೆಯುವ ಖಲಬತ್ತಿನ ಮುಂದೆ ಕೈಮುಗಿದು, ಕಣ್ಣು ಮುಚ್ಚಿ, ಏನನ್ನೋ ಗೊಣಗುತ್ತ ನಿಂತಿದ್ದರು.

"ಸರ, ಬರ್ಫ ನೀರಾಗಾಕತ್ತೈತ್ರಿ!" ಎಂದೆ.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕರು ಸರನ್ನು ಕೇಳಿದರು.

"ಇವರ ಜೋಡಿರಿ. ಜೀವಾ ತಗೋತೀವಿ, ಕ್ಷಮಾ ಕೇಳೂದ ಬ್ಯಾಡೇನ್ರಿ?" ಎಂದರು ಸರ, ಖಲಬತ್ತಿನೊಳಗಿನ ಬ್ಯಾಕ್ಟೀರಿಯಾಗಳನ್ನು ತೋರಿಸಿ.

ಎಲ್ಲರೂ ಗೊಳ್ಳೆಂದು ನಕ್ಕೆವು. ಸರ ಅರೆದರು, ಪ್ರೋಟೀನ್ ಕೆಡದೆ ಕೊಳವೆಯ ದ್ರಾವಣವನ್ನು ಹಳದಿಯಾಗಿಸಿತು; ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಆ ಬಣ್ಣವೇ ಗುರುತು.

ನನಗಿರುವ ನೆನಪು ಹೀಗೆ. ಆದರೆ ಸರ ಆ ಮಾತು ಹೇಳಿದ ಕ್ಷಣವೇ ಸಹಪಾಠಿಯೊಬ್ಬ ತೆಗೆದ ಫೋಟೊದಲ್ಲಿ ಯಾರೂ ನಗುತ್ತಿಲ್ಲ, ಪರೀಕ್ಷಕರೂ ಕೈಮುಗಿದಿದ್ದಾರೆ.