ಹಿಂದಿನ ಚಕ್ರಕ್ಕೊಂದಿಷ್ಟು ಭಾರ

ಬೇಲೆಕೇರಿಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಕಾಶಿಗೆ ದೋಣಿ ಆಗಿಬರುತ್ತಿರಲಿಲ್ಲ. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ಹೊಟ್ಟೆ ತೊಳಸಿ, ಬೆಳಗಿನ ಗಂಜಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿಬಿಡುತ್ತಿದ್ದ. ಇವನಿಂದ ಮೀನಿಗೆ ಊಟವಾದೀತೇ ಹೊರತು ಮನೆಯವರಿಗಲ್ಲ ಎಂದು ಅಣ್ಣಂದಿರು ಅವನನ್ನು ದಡದ ಕೆಲಸಕ್ಕೆ ಹಚ್ಚಿದರು. ಹಾಗೆ ಅವನ ಪಾಲಿಗೆ ಬಂದದ್ದು ಊರೂರಿಗೆ ಮೀನು ಮಾರುವ ಒಂದು ಹಳೆಯ ಬಿಳಿ ಪಿಕಪ್ಪು. ಮದುವೆಯಾದ ಮೇಲೆ ಹೆಂಡತಿ ಚಂಪಾ ಪಕ್ಕದ ಸೀಟು ಹಿಡಿದಳು. ತೂಗುವುದು, ಮಾತಾಡುವುದು ಎರಡನ್ನೂ ಅವಳೇ ವಹಿಸಿಕೊಂಡಳು. ಕಾಶಿಗೆ ಉಳಿದದ್ದು ಸ್ಟೀರಿಂಗು ಮತ್ತು ಹಾರ್ನು. ಎರಡನ್ನೂ ಅವನು ಬಹಳ ಗಾಂಭೀರ್ಯದಿಂದ ಬಳಸುತ್ತಿದ್ದ. ನೆಲದ ಮೇಲೆ ತನ್ನನ್ನು ಅಲುಗಾಡಿಸುವವರಿಲ್ಲ ಎಂದು ಅವನಿಗೆ ನಂಬಿಕೆ.

ಆ ನಂಬಿಕೆ ಪ್ರತಿ ಮಳೆಗಾಲದಲ್ಲೂ ಒಂದೇ ಜಾಗದಲ್ಲಿ ಜಾರುತ್ತಿತ್ತು. ಚಂಪಾಳ ತವರು ಚೆಂಡಿಯಾ. ಅಲ್ಲಿನ ಜಾಗ ನೌಕಾನೆಲೆಗೆ ಹೋದಾಗ ಅವಳ ಕಡೆಯವರು ಹೆದ್ದಾರಿಯ ಮೇಲ್ಬದಿಯ ಗುಡ್ಡದ ಕಾಲೊನಿಯೊಂದಕ್ಕೆ ಬಂದು ಕೂತಿದ್ದರು. ಗುಡ್ಡ ಹತ್ತುವ ದಾರಿ ಅಪ್ಪಟ ಕೆಂಪು ಜೇಡಿ. ದಾರಿಯ ಬುಡದಲ್ಲಿ ‘ಕಾಂಕ್ರೀಟ್ ರಸ್ತೆ ಕಾಮಗಾರಿ’ ಎಂಬ ಬೋರ್ಡು ನಿಂತಿತ್ತು. ಕಾಂಕ್ರೀಟು ಇದ್ದದ್ದು ಆ ಬೋರ್ಡಿನ ಕಂಬದ ಬುಡಕ್ಕೆ ಮಾತ್ರ.

ಬೇಲೆಕೇರಿಯಲ್ಲಿ ಮೀನು ತುಂಬಿ, ಹಟ್ಟಿಕೇರಿಯಿಂದ ಮಾರುತ್ತ ಬಂದು, ಕೊನೆಗೆ ಕಾಲೊನಿ ಮುಟ್ಟುವ ಹೊತ್ತಿಗೆ ಗಾಡಿಯ ಹಿಂಭಾಗ ಹೆಚ್ಚುಕಡಿಮೆ ಖಾಲಿ. ಎಂಜಿನಿನ ಭಾರವೆಲ್ಲ ಮುಂದೆ, ಗಾಡಿಯನ್ನು ನೂಕಬೇಕಾದ ಚಕ್ರಗಳು ಹಿಂದೆ. ಏರಿನ ನಡುವೆ ಹಿಂದಿನ ಚಕ್ರಗಳು ಗಿರ್ರನೆ ನಿಂತಲ್ಲೇ ತಿರುಗುತ್ತಿದ್ದವು. ಕಾಶಿಗೆ ಸಿಟ್ಟು ಬಂದು ಆಕ್ಸಿಲರೇಟರ್ ಒತ್ತುತ್ತಿದ್ದ. ಒತ್ತಿದಷ್ಟೂ ಕೆಸರು ಹಾರುತ್ತಿತ್ತು, ಗಾಡಿ ಮಾತ್ರ ಹಿಂದೆ ಹಿಂದೆ ಸರಿಯುತ್ತಿತ್ತು.

ಈ ಆಗಸ್ಟಿನ ಒಂದು ಬೆಳಿಗ್ಗೆ ಆ ಕೆಸರು ಹೋಗಿ ಕೂತದ್ದು ಮಾಬ್ಲೇಶ್ವರನ ಬಿಳಿ ಅಂಗಿಯ ಮೇಲೆ. ಮಾಬ್ಲೇಶ್ವರ ಕಾಲೊನಿಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ರಸ್ತೆ ಕೆಸರಾಗಿದೆ ಎಂದು ಮನವಿ ಕೊಡಲು ಕಾರವಾರಕ್ಕೆ ಹೊರಟಿದ್ದ.

"ಅಂಗಿ ಬದಲು ಮಾಡ್ಬೇಡಿ ಅಧ್ಯಕ್ಷರೆ, ಹಾಂಗೇ ಹೋಗಿ. ಸಾಹೇಬ್ರಿಗೆ ಮನವಿ ಓದೂ ಕಷ್ಟ ತಪ್ತದೆ" ಎಂದಳು ಚಂಪಾ ಕಿಟಕಿಯಿಂದ.

ಮಾಬ್ಲೇಶ್ವರ ಮನವಿಯನ್ನು ಮರೆತು ಸಲಹೆಗೆ ಇಳಿದ. ನೋಡುನೋಡುತ್ತ ಜನ ಸೇರಿದರು. ಒಬ್ಬ ಟಯರು ಬದಲಿಸು ಎಂದ, ಇನ್ನೊಬ್ಬ ಗಾಡಿಯನ್ನೇ ಬದಲಿಸು ಎಂದ. ಮತ್ತೊಬ್ಬನಿಗೆ ದೃಷ್ಟಿಯಾಗದಿರಲೆಂದು ಗಾಡಿಯ ಮೂತಿಗೆ ಕಟ್ಟಿದ್ದ ಲಿಂಬೆಹಣ್ಣು ಎಡಕ್ಕೆ ವಾಲಿದಂತೆ ಕಂಡಿತು.

"ಖಾಲಿ ಬೆನ್ನು, ಅದ್ಕೇ ಹಾರ್ತದೆ. ಹಿಂದೆ ಭಾರ ಬೇಕು" ಎಂದಳು ಚಂಪಾ.

ಹೆಂಡತಿ ಹೇಳಿದ್ದನ್ನು ಕಾಶಿ ಕೇಳಿಸಿಕೊಳ್ಳಲಿಲ್ಲ. ಅದನ್ನೇ ಮಾಬ್ಲೇಶ್ವರ ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದಾಗ ತಲೆದೂಗಿದ. ಸಮಿತಿಯೇ ಭಾರವಾಗಿ ನಿಲ್ಲುವುದೆಂದು ಠರಾವಾಯಿತು. ಊರಿಗೆ ಈವರೆಗೆ ಬೇರೆಲ್ಲ ರೀತಿಯಲ್ಲೂ ಭಾರವಾಗಿಯೇ ಇದ್ದ ಸಮಿತಿಗೆ ಇದು ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಮೊಬೈಲಿನಲ್ಲಿ ಫೋಟೋ ತೆಗೆಯುವವ ಗಾಡಿಯ ಹಿಂದೆ ನಿಂತಿದ್ದ. ಮುಖ ಕಾಣಬೇಕಲ್ಲ! ಸದಸ್ಯರೆಲ್ಲ ಹಿಂಬಾಗಿಲಿನ ಕೊನೆಯ ಅಂಚಿಗೆ ಒತ್ತಿ ನಿಂತರು. ಹಿಂದಿನ ತುದಿ ಕುಸಿಯಿತು, ಮೂತಿ ಮೇಲೆದ್ದಿತು, ಸ್ಟೀರಿಂಗು ಕಾಶಿಯ ಕೈಯಲ್ಲಿ ಗಾಳಿಪಟದ ಹಾಗೆ ಹಗುರಾಯಿತು. ಎಡಕ್ಕೆ ತಿರುಗಿಸಿದರೆ ಗಾಡಿ ತನಗೆ ಬೇಕಾದ ಕಡೆ ಹೋಯಿತು. ದಾರಿಯ ಬುಡದವರೆಗೂ ಜಾರಿ ಹೋಗಿ ಕಾಮಗಾರಿಯ ಬೋರ್ಡಿಗೆ ಗುದ್ದಿತು.

ಯಾರಿಗೂ ಪೆಟ್ಟಾಗಲಿಲ್ಲ. ಬೋರ್ಡು ಮಾತ್ರ ಅಡ್ಡಬಿತ್ತು. ಎರಡೇ ದಿನದಲ್ಲಿ ಗುತ್ತಿಗೆದಾರನ ಕಡೆಯ ಮೂರು ಜನ ಬಂದು ಸಿಮೆಂಟು ಕಲಸಿ, ಮಟ್ಟ ಹಿಡಿದು, ಬೋರ್ಡನ್ನು ಮೊದಲಿಗಿಂತ ಭದ್ರವಾಗಿ ನಿಲ್ಲಿಸಿ ಹೋದರು. ಬರುವಾಗ ಅವರ ಗಾಡಿಯೂ ಕೆಸರಿನಲ್ಲಿ ಹೂತಿತ್ತು, ಕಾಲೊನಿಯವರೇ ನೂಕಿದರು.

ಕಾಶಿ ಈಗ ಅನಿವಾರ್ಯವಾಗಿ ಹೆಂಡತಿಯ ಮಾತಿಗೆ ಬಂದ. ಗೊಬ್ಬರದ ಖಾಲಿ ಚೀಲಗಳಲ್ಲಿ ದಂಡೆಯ ಮರಳು ತುಂಬಿ, ಬಾಯಿ ಹೊಲಿದು, ಹಿಂದಿನ ಚಕ್ರಗಳ ನೆತ್ತಿಯ ಮೇಲೇ ಬರುವಂತೆ ಜೋಡಿಸಿ, ಜರುಗದ ಹಾಗೆ ಹಗ್ಗ ಬಿಗಿದ. ಟಯರಿನ ಗಾಳಿಯನ್ನು ಚೂರು ಇಳಿಸಿದ.

"ಸಿಟ್ಟು ಮಾಡೂಕಾಗ. ಎರಡನೇ ಗೇರು, ಮೆತ್ತಗೆ" ಎಂದಳು ಚಂಪಾ.

ಪಿಕಪ್ಪು ಎಮ್ಮೆಯ ಹಾಗೆ ಸಾವಕಾಶ, ಒಂದು ಸಲವೂ ಜಾರದೆ ಗುಡ್ಡ ಹತ್ತಿತು. ಮೇಲೆ ಹೋಗಿ ಕಾಶಿ ಹೊಡೆದ ಹಾರ್ನಿಗೆ ಮೂರು ಮನೆಯ ಕೋಳಿಗಳು ಚದುರಿದವು.

ಮಾರನೆಯ ದಿನ ಅಕ್ರಮ ಮರಳು ಹಿಡಿಯುವ ತಪಾಸಣೆಯವರು ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದರು.

"ಚೀಲದಲ್ಲಿ ಏನು?"

"ಮರಳು ಸಾಹೇಬ್ರೆ."

ಅಧಿಕಾರಿ ಒಂದು ಕ್ಷಣ ತಬ್ಬಿಬ್ಬಾದ. ಮರಳನ್ನು ಮರಳು ಎಂದು ಒಪ್ಪಿಕೊಂಡವನನ್ನು ಅವನು ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. "ಎಲ್ಲಿಗೆ?"

"ಎಲ್ಲಿಗೂ ಅಲ್ಲ. ಇಲ್ಲೇ ಇರ್ತದೆ. ಹಿಂದಿನ ಚಕ್ರಕ್ಕೆ."

"ಎಲ್ಲರೂ ಮನೆಗೆ ಅಂತಾರೆ, ದೇವಸ್ಥಾನಕ್ಕೆ ಅಂತಾರೆ. ಚಕ್ರಕ್ಕೆ ಅಂದವನು ನೀನೊಬ್ಬ. ಪರವಾನಗಿ ಉಂಟಾ?"

ಚಕ್ರಕ್ಕೆ ಭಾರ ಇಡುವ ಪರವಾನಗಿಯನ್ನು ಯಾರು ಕೊಡುತ್ತಾರೆಂದು ಕಾಶಿ ವಿನಯದಿಂದಲೇ ಕೇಳಿದ. ಅದು ಉದ್ಧಟತನವೆಂದು ದಾಖಲಾಯಿತು. ಚೀಲಗಳನ್ನು ಇಳಿಸಿಕೊಂಡರು. ಅವರ ಹಿಂದೆಯೇ ಮರಳು ತುಂಬಿದ ಎರಡು ಟಿಪ್ಪರುಗಳು ಗಂಭೀರವಾಗಿ ಹಾದುಹೋದವು. ಅವು ದೊಡ್ಡವಾದ್ದರಿಂದ ಅಡ್ಡ ಹಿಡಿದ ಕೈಗೆ ಸಿಕ್ಕಲಿಲ್ಲ. ಮರುದಿನ ಪತ್ರಿಕೆಯ ಮೂಲೆಯಲ್ಲಿ ‘ಮೀನಿನ ನೆಪದಲ್ಲಿ ಮರಳು’ ಎಂಬ ಸುದ್ದಿ ಬಂತು.

ಮರ್ಯಾದೆ ಹೋಯಿತೆಂದು ಕಾಶಿ ಎರಡು ದಿನ ಮನೆ ಬಿಟ್ಟು ಹೊರಬರಲಿಲ್ಲ. ಹೊರಗೆ ಬಂದು ನೋಡಿದರೆ ಮರ್ಯಾದೆ ಹೆಚ್ಚಾಗಿತ್ತು. ಇಷ್ಟು ವರ್ಷ ‘ಕಾಶಿ’ ಎನ್ನುತ್ತಿದ್ದವರು ‘ಕಾಶಿಯಣ್ಣ’ ಎಂದರು. ಹೋಟೆಲಿನಲ್ಲಿ ಅವನಿಗಾಗಿ ಕುರ್ಚಿ ಖಾಲಿಯಾಯಿತು. ದೋಣಿಯಲ್ಲಿ ವಾಂತಿ ಮಾಡುತ್ತಿದ್ದ ತಮ್ಮನ ಬಗ್ಗೆ ಅಣ್ಣಂದಿರು ಮೊದಲ ಬಾರಿಗೆ ನಾಲ್ಕು ಜನರೆದುರು ಹೆಮ್ಮೆಯಿಂದ ಮಾತಾಡಿದರು. ಮಾಬ್ಲೇಶ್ವರನಂತೂ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋದ.

"ನಂದೊಂದು ಬಚ್ಚಲು ಅರ್ಧಕ್ಕೆ ನಿಂತದೆ ಮಾರಾಯಾ. ಯಾರಿಗೂ ಗೊತ್ತಾಗ್ದ ಹಾಂಗೆ ಒಂದು ಲೋಡು ಬಿದ್ರೆ..."

"ಅಯ್ಯೋ, ನಾನು ಆ ಧಂದೆಯವ ಅಲ್ಲ!"

"ಹೌದು ಹೌದು, ಹಾಂಗೇ ಹೇಳ್ಬೇಕು" ಎಂದು ಮಾಬ್ಲೇಶ್ವರ ಕಣ್ಣು ಹೊಡೆದ.

ಅಲ್ಲವೆಂದಷ್ಟೂ ಜನ ಮೆಚ್ಚಿದರು. ಕಾಶಿಗೆ ಒಳಗೊಳಗೇ ಖುಷಿಯಾಗತೊಡಗಿತು. ನಡಿಗೆ ಸ್ವಲ್ಪ ನಿಧಾನವಾಯಿತು. ಒಂದು ಮಧ್ಯಾಹ್ನ ಕನ್ನಡಿಯೆದುರು ತಂಪು ಕನ್ನಡಕ ಹಾಕಿಕೊಂಡು ನಿಂತವನನ್ನು ಚಂಪಾ ಬಾಗಿಲಲ್ಲಿ ನಿಂತು ನೋಡಿದಳು.

"ಕಳ್ಳ ಆಗೂಕೂ ಯೋಗ್ಯತೆ ಬೇಕು. ನೀ ಹಿಡ್ಕೊಟ್ಟದ್ದು ನಿನ್ನನ್ನೇ. ಆ ನೀಲಿ ಡ್ರಮ್ಮುಗಳ್ನ ಹೊರಗೆ ತೆಗಿ, ಬಾ."

ಮೀನಿನ ಆ ಡ್ರಮ್ಮುಗಳಿಗೆ ಅವಳು ಸಮುದ್ರದ ನೀರು ತುಂಬಿಸಿದಳು. ಅರ್ಧ ತುಂಬಿದರೆ ನೀರು ತುಳುಕಿ ಗಾಡಿಯನ್ನೇ ಎಳೆದಾಡುತ್ತದೆಂದು ಬಾಯಿಮಟ್ಟ ತುಂಬಿಸಿ, ಮುಚ್ಚಳ ಬಿಗಿಸಿ, ಚಕ್ರದ ನೆತ್ತಿಗೆ ಕಟ್ಟಿಸಿದಳು. ಹೆದ್ದಾರಿಯಲ್ಲಿ ಅದೇ ಅಧಿಕಾರಿ. ಮುಚ್ಚಳ ತೆಗೆದು ಮೂಸಿದ. ಬೆರಳು ಅದ್ದಿ ನಾಲಿಗೆಗೆ ಇಟ್ಟು ಮುಖ ಕಿವುಚಿದ. ಯಾರಿಗೋ ಫೋನು ಮಾಡಿ, ಸಮುದ್ರದ ನೀರು ಯಾವ ಇಲಾಖೆಗೆ ಬರುತ್ತದೆಂದು ಕೇಳಿದ. ಅತ್ತ ಕಡೆಯವರಿಗೂ ತಿಳಿಯಲಿಲ್ಲ. ಯಾವ ಇಲಾಖೆಗೂ ಬಾರದ್ದನ್ನು ಹಿಡಿಯುವುದು ಹೇಗೆ? ಬಿಟ್ಟುಕಳಿಸಿದ.

ಗಾಡಿ ಜಾರದೆ ಗುಡ್ಡ ಹತ್ತಿತು. ಮೇಲೆ ಚಂಪಾ ತಕ್ಕಡಿ ತೆಗೆಯುವಷ್ಟರಲ್ಲಿ ಅವಳ ಚಿಕ್ಕಪ್ಪ ಕುಪ್ಪ ಕೋಲೂರಿಕೊಂಡು ಬಂದ. ಚೆಂಡಿಯಾದಲ್ಲಿ ಬಲೆ ಎಳೆದು ಮುದುಕನಾದವನು. ಮಂಡಿ ಹೋದ ಮೇಲೆ ಗುಡ್ಡ ಇಳಿದಿರಲಿಲ್ಲ. ಮೀನಿನ ಕಡೆ ನೋಡದೆ ಅವನು ಡ್ರಮ್ಮನ್ನು ಮೂಸಿದ.

"ಎಂತ ಇದು?"

"ಸಮುದ್ರದ ನೀರು ಮಾವ. ಭಾರಕ್ಕೆ" ಎಂದ ಕಾಶಿ.

"ಭಾರಕ್ಕಾ!" ಕುಪ್ಪ ಕೋಲು ಬದಿಗಿಟ್ಟ. "ಒಂದು ಟಬ್ಬಿಗೆ ಹೊಯ್ಯಿ ನೋಡ್ವ."

ಚಂಪಾ ಮೀನಿನ ಟಬ್ಬು ತೊಳೆದು ನೀರು ಹೊಯ್ದಳು. ಕುಪ್ಪ ಕಟ್ಟೆಯ ಮೇಲೆ ಕೂತು, ಪಂಚೆ ಮೇಲೆತ್ತಿ, ಎರಡೂ ಕಾಲನ್ನು ಇಳಿಬಿಟ್ಟ. ಮೀನಿಗೆ ಬಂದ ಹೆಂಗಸರೂ ಚೌಕಾಸಿ ನಿಲ್ಲಿಸಿ ನೋಡುತ್ತ ನಿಂತರು. ಒಬ್ಬ ಅಜ್ಜಿ ಬಗ್ಗಿ ಬೊಗಸೆ ನೀರೆತ್ತಿ ತಲೆಗೆ ಹಚ್ಚಿಕೊಂಡಳು. ಕಾಶಿ ಹಾರ್ನು ಹೊಡೆಯೋಣವೆಂದುಕೊಂಡವನು ಹೊಡೆಯಲಿಲ್ಲ.

"ಬೇಲೆಕೇರಿದು ಅಲ್ದಾ?" ಎಂದ ಕುಪ್ಪ ಕೊನೆಗೆ. "ಸಪ್ಪೆ. ನಮ್ಮ ಚೆಂಡಿಯಾದ ನೀರು ಹಿಂಗೆ ಅಲ್ಲ."

"ಎಲ್ಲಾ ಒಂದೇ ಸಮುದ್ರ ಮಾವ!" ಎಂದು ಕಾಶಿ ರೇಗಿದ.

"ನೀನು ಸಮುದ್ರದ ಸುದ್ದಿ ಹೇಳ್ಬೇಡ. ನಿಂಗೆ ಎಂತ ಗೊತ್ತದೆ?"

ಹೆಂಗಸರು ನಕ್ಕರು. ಚಂಪಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೀನು ಖಾಲಿಯಾಯಿತು, ಮಳೆ ಮೋಡ ಕಟ್ಟಿತು, ಇಳಿಯುವ ಹೊತ್ತಾಯಿತು. ಟಬ್ಬು ಬೇಕಿತ್ತು.

"ಮುಗೀತಾ ಮಾವ?" ಎಂದ ಕಾಶಿ.

"ಸಪ್ಪೆ ನೀರು" ಎಂದು ಗೊಣಗಿದ ಕುಪ್ಪ, ಕಾಲನ್ನು ಇನ್ನಷ್ಟು ಒಳಗೆ ಇಳಿಸುತ್ತ. "ಇನ್ನೂ ಹೊತ್ತು ಬೇಕು. ಕೂತ್ಕೋ."