ಹೊಸ್ತಿಲಲ್ಲಿ ಹೇಳಿದ ಹೆಸರು

ಮೊನ್ನೆ ಅಕ್ಕಿ ಆರಿಸುತ್ತಿದ್ದಾಗ ಮೊಮ್ಮಗಳು ಪಾಠಪುಸ್ತಕ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅನುಪ್ರಾಸಕ್ಕೆ ಸ್ವಂತ ಉದಾಹರಣೆ ಬೇಕಂತೆ. ನನ್ನ ಕೈ ಮೊರದ ಮೇಲೆ ಹಾಗೇ ನಿಂತಿತು. ಅನುಪ್ರಾಸ ಎಂದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಅಲಂಕಾರಕ್ಕೆ ನಾಚುವವರೂ ಉಂಟೇ ಎಂದು ನೀವು ನಗಬಹುದು. ನಗಿ, ಆದರೆ ಕೇಳಿ.

ನಮ್ಮಪ್ಪ ಶಿವಮೊಗ್ಗದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಮನೆ ಹೊಸಮನೆಯಲ್ಲಿ. ಸಣ್ಣ ಮಕ್ಕಳಿಗೆ ಅನುಪ್ರಾಸ ಹೇಳಿಕೊಡುವುದೆಂದರೆ ಅವರಿಗೆ ಹಬ್ಬದೂಟ. ಒಂದೇ ಅಕ್ಷರ ಸಾಲಿನಲ್ಲಿ ಮತ್ತೆ ಮತ್ತೆ ಬರಬೇಕು, ಕಿವಿಗೆ ಹಿತವಾಗಬೇಕು ಎನ್ನುವರು. ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನೂ ಬಿಡುತ್ತಿರಲಿಲ್ಲ. “ಕುಂಟುತ್ತ ಕುಣಿಯುತ್ತ” ಎಂದು ಶುರುಮಾಡಿ ಕಾಯುವರು. ನಾನು “ಕುಂಬಳಕಾಯಿ” ಎಂದು ಸೇರಿಸಿದರೆ ನಕ್ಕು, “ಅಕ್ಷರ ಬಂತು, ಸರಿ. ಅರ್ಥ ಎಲ್ಲಿಗೆ ಹೋಯ್ತು ಮಾರಾಯ್ತಿ?” ಎನ್ನುವರು. ನನ್ನ ತಲೆಗೆ ಹತ್ತಿದ್ದು ಅರ್ಧ ಪಾಠ ಮಾತ್ರ.

ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ಭದ್ರಾವತಿಗೆ ಕೊಟ್ಟರು. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು. ಬೀಗರ ಎದುರು ಸಣ್ಣವರಾಗಿ ಕಾಣಬಾರದೆಂದು ಅಪ್ಪ ಜೀವನದಲ್ಲಿ ಮೊದಲ ಸಲ ಕೋಟು ಹೊಲಿಸಿದ್ದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮನೆ ತುಂಬಿಸಿಕೊಳ್ಳುವ ದಿನ ಮಾತ್ರ ಹೊಸ್ತಿಲಲ್ಲಿ ತಡೆದು, ಸಾಲು ಕಟ್ಟಿ ಹೆಸರು ಹೇಳು ಎನ್ನುತ್ತಾರೆ. ನಾದಿನಿ ಬಾಗಿಲಿಗೆ ಅಡ್ಡ ನಿಂತಳು. ಬೇರೆ ಹುಡುಗಿಯರಾದರೆ ತಲೆ ತಗ್ಗಿಸಿ ಪಿಸುಗುಡುತ್ತಾರೆ. ನಾನು ಮೇಷ್ಟ್ರ ಮಗಳು, ಸ್ವಲ್ಪ ಕೊಬ್ಬು ಬೇರೆ. ಗಟ್ಟಿಯಾಗಿ ಹೇಳಿದೆ:

“ಬಡವರ ಬಾಗಿಲಿಗೆ ಬಂದು ಬಾಳು ಬೆಳಗಿದ ಬಸವರಾಜರು.”

ಜನ ಭಲೇ ಎಂದರು. ಹಿಗ್ಗಿ ಹೀರೇಕಾಯಿಯಾಗಿ ಹಿಂದೆ ತಿರುಗಿದೆ. ಬೀಗರ ನಡುವೆ ನಿಂತಿದ್ದ ಅಪ್ಪ ನೆಲ ನೋಡುತ್ತ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಬಡವರು ಯಾರು ಎಂಬುದು ನನಗೆ ಆಗ ಹೊಳೆಯಿತು. ನಮಗೆ ಊಟಕ್ಕೆ, ಬಟ್ಟೆಗೆ ಎಂದೂ ಕೊರತೆಯಿರಲಿಲ್ಲ. ಒಂದು ಬಕಾರ ಸಿಕ್ಕಿತೆಂದು ಹೆತ್ತ ಅಪ್ಪನನ್ನು ಬೀಗರೆದುರು ಬಡವನನ್ನಾಗಿ ಮಾಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ರೈಲಿಗೆ ಹೊರಟ ಅಪ್ಪ ನನ್ನ ತಲೆ ಸವರಿ, “ಅಕ್ಷರ ಎಲ್ಲ ಸರಿಯಾಗಿ ಬಂತಮ್ಮ. ಬರ್ತೀನಿ” ಎಂದರು. ಅರ್ಥದ ಮಾತೆತ್ತಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಕೋಟನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡೇ ಹೋದರು.

ಸರಿಯಾದ ಪದ ಹೊಳೆದದ್ದು ಮಾರನೆಯ ದಿನ, ಪಾತ್ರೆ ಬೆಳಗುವಾಗ. ಅದೂ ಬಕಾರದ್ದೇ, ನೋಡಿ. ಆದರೆ ಹೊಸ್ತಿಲು ದಾಟಿದವಳನ್ನು ಮತ್ತೆ ತಡೆದು ಕೇಳುವವರು ಯಾರು? ಅಪ್ಪನಿಗಾದರೂ ಹೇಳೋಣವೆಂದರೆ, ಅವರು ಬಂದಾಗಲೆಲ್ಲ ನಾಚಿಕೆಯಾಗಿ, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಹೀಗೇ ವರ್ಷಗಳು ಹೋದವು, ಅಪ್ಪನೂ ಹೋದರು.

“ಅಜ್ಜಿ, ಉದಾಹರಣೆ?” ಮೊಮ್ಮಗಳು ತಿವಿದಳು.

“ಬರ್ಕೋ” ಎಂದೆ. “ಬಲ್ಲವರ ಬಾಗಿಲಿಗೆ ಬಂದು ಬಾಳು ಬೆಳಗಿದ ಬಸವರಾಜರು.”

ತಾತನ ಹೆಸರು ನನ್ನ ಬಾಯಲ್ಲಿ ಬಂತೆಂದು ಅವಳಿಗೆ ನಗುವೋ ನಗು. ಬರೆದಾದ ಮೇಲೆ ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು, “ಬಲ್ಲವರು ಅಂದ್ರೆ ಯಾರಜ್ಜಿ?”

“ನಮ್ಮಪ್ಪ” ಎಂದೆ, ಅಂದಿನಷ್ಟೇ ಗಟ್ಟಿಯಾಗಿ.