ಅಮೆರಿಕದ ಸಾಲ, ನನ್ನ ಬಾಲ್ಕನಿಯ ತುಳಸಿ

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ಅಮೆರಿಕದಲ್ಲಿ ಯಾರೋ ಮನೆಸಾಲದ ಕಂತು ಕಟ್ಟದೆ ಕೂತರೆ, ದುಬೈಯ ಮುದುಕಿಯೊಬ್ಬಳ ಬಾಲ್ಕನಿಯಲ್ಲಿ ತುಳಸಿ ಗಿಡಗಳು ಹೆಚ್ಚುವುದು ಹೇಗೆ? ಫೋನಿನಲ್ಲಿ ಹುಡುಕಬೇಡಿ. ಆ ವಿದ್ಯೆ ಈಗ ನನಗೂ ಗೊತ್ತು, ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ, ಒಂದೇ ಹೆಬ್ಬೆರಳಿನಲ್ಲಿ. ಹಾಗಾಗಿ ಸ್ವಲ್ಪ ನಿಧಾನ. ಅವಸರವಿದ್ದವರು ಯಲ್ಲಾ, ಹೊರಡಿ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಮೇಲಿನ ಮಹಡಿಯ ಹುಡುಗಿ ತುಳಸಿ ಕುಂಡ ಹಿಡಿದು ನಿಂತಿದ್ದಳು. ಗಂಡನಿಗೆ ವರ್ಗವಂತೆ, ಮನೆ ಖಾಲಿ ಮಾಡುತ್ತಿದ್ದಾರಂತೆ. ಕುಂಡ ಕೈಗೆ ಕೊಡುವಾಗ ಎಲೆ ನಲುಗಿ ಆ ವಾಸನೆ ಬಂತಲ್ಲ, ನನಗೆ ಎರಡು ಸಾವಿರದ ಎಂಟರ ಆ ಚಳಿಗಾಲ ನೆನಪಾಗಿ ಕಾಫಿ ಆರಿಹೋಯಿತು.

ಗಲ್ಫು ಬಿಟ್ಟು ಹೊರಟವರಿಗೆ ಸೋಫಾ ಮಾರುವುದು ಕಷ್ಟವಲ್ಲ, ಫ್ರಿಜ್ಜನ್ನು ಯಾರಾದರೂ ಒಯ್ಯುತ್ತಾರೆ. ತುಳಸಿಯದೇ ಪೇಚು. ವಿಮಾನದಲ್ಲಿ ಒಯ್ಯುವಂತಿಲ್ಲ, ಕಸದ ಡಬ್ಬಿಗೆ ಹಾಕುವಂತಿಲ್ಲ, ಬೀಗ ಹಾಕಿದ ಮನೆಯಲ್ಲಿ ಒಣಗಲು ಬಿಟ್ಟರೆ ಪಾಪ. ಅದನ್ನು ದೀಪ ಹಚ್ಚುವ ಕೈಗೇ ಕೊಟ್ಟು ಹೋಗಬೇಕು. ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಆ ಕೈ ನನ್ನದು ಅಂತ ಅದು ಹೇಗೋ ತೀರ್ಮಾನವಾಗಿತ್ತು. ಆ ವರ್ಷ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಆರು ತಿಂಗಳಷ್ಟೇ ಅಮ್ಮ, ವಾಪಸ್ ಬಂದುಬಿಡ್ತೀವಿ.” ಬಟ್ಟೆ ಒಣಹಾಕಲು ಜಾಗವಿಲ್ಲದಷ್ಟು ಕುಂಡಗಳಾದವು. ನೀರು ಕೆಳಗೆ ನಿಂತ ಕಾರುಗಳ ಮೇಲೆ ಸೋರಿ, ಕಟ್ಟಡದ ಕಾವಲಿನ ನಾತೂರ್ ದಿನಾ ಬಂದು ಗೊಣಗುತ್ತಿದ್ದ, “ಅಮ್ಮಾಜಿ, ಗಾಡಿಯೋಂ ಪೆ ಪಾನಿ!” ನಾನು ಹೇಳುತ್ತಿದ್ದೆ, “ಅಮೆರಿಕಾ ಸೆ ಪೂಛೋ,” ಅಮೆರಿಕವನ್ನೇ ಕೇಳು ಅಂತ.

ಅಮೆರಿಕದ ಹೆಸರು ನನ್ನ ಬಾಯಿಗೆ ಬಂದದ್ದು ಮಗ ರಘುವಿನಿಂದ. ಅಲ್ಲಿ ತೀರಿಸಲಾಗದವರಿಗೂ ಮನೆಸಾಲ ಕೊಟ್ಟರಂತೆ, ಆ ಸಾಲವನ್ನೇ ಸರಕು ಮಾಡಿ ಲೋಕಕ್ಕೆಲ್ಲ ಮಾರಿದರಂತೆ. ಕಂತು ನಿಂತಿತು, ಬ್ಯಾಂಕು ಬಿತ್ತು, ಇಲ್ಲಿ ಮರಳಿನ ಮೇಲೆ ತಿರುಗುತ್ತಿದ್ದ ಕ್ರೇನುಗಳು ಕತ್ತು ಚಾಚಿಕೊಂಡು ಹಾಗೇ ನಿಂತುಬಿಟ್ಟವು. ಇಲ್ಲಿನ ದಿರ್ಹಮ್‌ಗೂ ಅಲ್ಲಿನ ಡಾಲರಿಗೂ ಮೊದಲೇ ಗಂಟು ಹಾಕಿಟ್ಟಿದ್ದಾರೆ ಅಂತಲೂ ಹೇಳಿದ. ಯಾವ ಮುಹೂರ್ತದಲ್ಲಿ ಹಾಕಿದರು ಅಂತ ಕೇಳಿದರೆ ನಗಲಿಲ್ಲ.

“ಹಾಗಾದ್ರೆ ಆ ಬ್ಯಾಂಕುಗಳ ಗತಿ ಏನಪ್ಪಾ?”

“ದೊಡ್ಡವನ್ನ ಅಲ್ಲಿನ ಸರ್ಕಾರವೇ ಎತ್ತಿ ನಿಲ್ಲಿಸ್ತಿದೆ ಅಮ್ಮ. ಮುಳುಗೋಕೆ ಬಿಟ್ರೆ ಎಲ್ಲರನ್ನೂ ಮುಳುಗಿಸ್ತವಂತೆ.”

“ದುಡ್ಡು ಯಾರದು?”

“ಜನರ ತೆರಿಗೆ. ದೇಶದ ಹೊಣೆ ಅಂತಾರೆ.”

“ಸರಿ. ನಮ್ಮ ಕೆಳಗಿನ ಮನೆ ವಸಂತಿ ಯಾವ ದೇಶದ ಹೊಣೆ?”

ರಘು ಟಿವಿಯ ದನಿ ಏರಿಸಿದ.

ವಸಂತಿ ಉಡುಪಿ ಕಡೆಯವಳು. ಗಂಡ ಕಟ್ಟಡ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್. ಕೆಲಸ ಹೋಯಿತು. ಕಂಪನಿ ಕೊಟ್ಟ ಮನೆ, ಕಂಪನಿ ಕೊಟ್ಟ ವೀಸಾ, ಎಲ್ಲವೂ ಒಟ್ಟಿಗೇ ಖಲಾಸ್. ಒಂದು ಸಂಜೆ ಅವಳೂ ಕುಂಡ ಹಿಡಿದು ಬಂದಳು. ಹಿಂದೆ ಮಗಳು ಶ್ರಾವ್ಯ, ಊದ್ ಮೇಥಾದ ಶಾಲೆಯಲ್ಲಿ ಹತ್ತನೇ ಕ್ಲಾಸು.

“ಇದೊಂದು ಇಟ್ಕೊಳ್ಳಿ ಅಮ್ಮ. ಸೋಮವಾರ ಫ್ಲೈಟ್.”

“ಇವಳ ಬೋರ್ಡ್ ಪರೀಕ್ಷೆ ಹತ್ತಿರ ಬಂತಲ್ಲೇ?”

“ಎಂತ ಮಾಡುದು? ಊರಲ್ಲಿ ಬರುವ ವರ್ಷ ಬರೀತಾಳೆ.”

“ಇಟ್ಸ್ ಓಕೆ, ಅಜ್ಜಿ,” ಅಂದಳು ಹುಡುಗಿ, ನನ್ನ ಚಪ್ಪಲಿಗಳನ್ನು ನೋಡುತ್ತ. ಒಂದು ವರ್ಷ ಮಣ್ಣುಪಾಲಾಗುವುದು ಓಕೆ ಆಗಿರಲಿಲ್ಲ. ಮೂಗಿನ ತುದಿ ಕೆಂಪಾಗಿತ್ತು.

ನನ್ನ ಬಾಯಿ ನನ್ನನ್ನು ಯಾವತ್ತೂ ಕೇಳಿ ಮಾತಾಡಿದ್ದಲ್ಲ. “ಗಿಡಕ್ಕೆ ಜಾಗ ಇದೆ ಅಂದ್ಮೇಲೆ ಹುಡುಗಿಗೆ ಇಲ್ವಾ? ಗಂಡ ಮುಂದೆ ಹೋಗಲಿ. ನೀವಿಬ್ಬರೂ ವಿಸಿಟ್ ವೀಸಾ ಮಾಡಿಸಿಕೊಂಡು ಪರೀಕ್ಷೆ ಮುಗಿಯೋವರೆಗೂ ನಮ್ಮ ಹಾಲ್‌ನಲ್ಲಿರಿ.”

ಅವರು ಹೋದ ಮೇಲೆ ರಘು ಅಡುಗೆಮನೆಗೆ ಬಂದ. “ಅಮ್ಮಾ, ನಾಳೆ ಗುರುವಾರ” ಅಂದ, ಅಷ್ಟೇ. ಆಗ ವಾರದ ಕೊನೆಯ ಕೆಲಸದ ದಿನ ಗುರುವಾರ. ಅವನ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮನೆಗೆ ಕಳಿಸುತ್ತಿದ್ದುದು ಅವತ್ತೇ. ಊರಲ್ಲಿ ರಾಯರ ವಾರವೆಂದು ಕಾಯುತ್ತಿದ್ದ ದಿನಕ್ಕೆ ಇಲ್ಲಿ ಹೆದರುವುದನ್ನು ಕಲಿತಿದ್ದೆವು.

“ನಿನ್ನನ್ನೂ ಕರೆದ್ರೆ ಎಲ್ಲರೂ ಒಟ್ಟಿಗೇ ಹೋಗೋಣ,” ಅಂದೆ. “ಟ್ಯಾಕ್ಸಿ ಖರ್ಚು ಉಳಿಯುತ್ತೆ.”

ಧೈರ್ಯ ಅಂದುಕೊಳ್ಳಬೇಡಿ. ರಾತ್ರಿಯೆಲ್ಲ ನಿದ್ದೆಯಿಲ್ಲ. ಆದರೆ ಹೇಳಿದ ಮಾತನ್ನು ನುಂಗುವುದು ನಿದ್ದೆಗೆಡುವುದಕ್ಕಿಂತ ಕಷ್ಟ.

ಆ ದಿನಗಳ ಬಗ್ಗೆ ಹೇಳಬೇಕಾದ್ದು ಮುಖ್ಯವಾಗಿ ತೆಂಗಿನೆಣ್ಣೆ. ಸುಮ್ಮನೆ ಕೂತು ತಿನ್ನಲು ವಸಂತಿ ಒಪ್ಪಲಿಲ್ಲ, ಒಲೆಯನ್ನೇ ವಶಪಡಿಸಿಕೊಂಡಳು. ಮೈಸೂರು ಕಡೆಯ ನಮ್ಮ ಬಡಪಾಯಿ ನಾಲಿಗೆಗಳಿಗೆ ಕುಚ್ಚಲಕ್ಕಿ ಅನ್ನ, ಎಲ್ಲದಕ್ಕೂ ತೆಂಗಿನೆಣ್ಣೆಯ ಒಗ್ಗರಣೆ. ರಘುವಿನ ಕೆಲಸ ಉಳಿಯಿತು, ಸಂಬಳ ಕುಗ್ಗಿತು, ಹೊಟ್ಟೆ ಮಾತ್ರ ಹಿಗ್ಗಿತು. ಶ್ರಾವ್ಯ ಊಟದ ಮೇಜಿನ ಮೇಲೆ ಸಮಾಜವಿಜ್ಞಾನ ಗಟ್ಟಿಯಾಗಿ ಓದುತ್ತಿದ್ದಳು. ಬ್ಯಾಂಕು, ಸಾಲ ಅನ್ನುವ ಪಾಠವೂ ಅದರಲ್ಲಿತ್ತು. ನಾನು ಹುರುಪಿನಿಂದ ಹತ್ತಿರ ಕೂತೆ.

“ಬ್ಯಾಂಕು ಮುಳುಗಿದರೆ ಹೊಣೆ ಯಾರು ಅಂತ ಬರೆದಿದ್ದಾರಾ ನೋಡೇ.”

“ಅಜ್ಜಿ, ದಟ್ಸ್ ಔಟ್ ಆಫ್ ಸಿಲಬಸ್!”

ಪರೀಕ್ಷೆ ಬರೆದಳು. ಚೆನ್ನಾಗಿಯೇ ಬರೆದಳು. ಮಾರನೇ ವಾರವೇ ತಾಯಿ ಮಗಳು ವಿಮಾನ ಹತ್ತಿದರು. ಆರು ತಿಂಗಳು ಅಂದವರಲ್ಲಿ ಗಿಡ ಕೇಳಿಕೊಂಡು ಯಾರೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಂದವಳು ಶ್ರಾವ್ಯ ಒಬ್ಬಳೇ. ಈಗ ಅಬುಧಾಬಿಯಲ್ಲಿ ಅವಳಿಗೆ ಬ್ಯಾಂಕಿನಲ್ಲೇ ಕೆಲಸ, ನೋಡಿ ತಮಾಷೆ. ರಜೆ ಸಿಕ್ಕಾಗೆಲ್ಲ, ಅಲ್ ಮೀನಾದ ಮಾರುಕಟ್ಟೆಯಿಂದ ಹಣ್ಣು ಕಟ್ಟಿಸಿಕೊಂಡು ನಮ್ಮಲ್ಲಿಗೆ ಬರುತ್ತಾಳೆ.

ಇವತ್ತೂ ಬಂದಿದ್ದಳು. ಟಿವಿಯಲ್ಲಿ ಮತ್ತೆ ಅಮೆರಿಕದ ಸಾಲದ ಮಾತು. ಟೈ ಕಟ್ಟಿದವರು ಹೊಣೆ ನಿನ್ನದು, ನಿನ್ನದು ಅಂತ ಕೂಗಾಡುತ್ತಿದ್ದರು. ಇವಳು ಕಿತ್ತಳೆ ಸುಲಿಯುತ್ತ, ಆಗ ಸರ್ಕಾರ ಬ್ಯಾಂಕುಗಳ ಕೈ ಹಿಡಿಯದಿದ್ದರೆ ಇನ್ನೂ ಎಷ್ಟು ಮನೆಗಳು ಹಾಳಾಗುತ್ತಿದ್ದವು ಅಂತ ನನಗೆ ವಿವರಿಸಿದಳು. ನನಗೆ ಅರ್ಥವಾಯಿತು. ಆದರೂ ಅರ್ಥವಾದದ್ದನ್ನು ಕೂಡಲೇ ಒಪ್ಪಿಕೊಂಡರೆ ಅಜ್ಜಿಯಾಗಿ ಏನು ಸುಖ?

“ಅದೆಲ್ಲ ನಿಮ್ಮ ಬ್ಯಾಂಕಿನವರ ಮಾತು ಕಣೇ. ಒಡೆದವರು ಗುಡಿಸಬೇಕು. ಒಡೆಯದವರ ಕೈಗೆ ಪೊರಕೆ ಕೊಡೋದು ಯಾವ ನ್ಯಾಯ?”

ಕಿತ್ತಳೆಯ ತೊಳೆಯೊಂದನ್ನು ನನ್ನ ಬಾಯಿಗೇ ತುರುಕಿ ಅವಳು ಅಂದಳು:

“ನಮ್ಮಪ್ಪನ ಕೆಲಸ ತೆಗೆದದ್ದು ನೀವಾ ಅಜ್ಜಿ? ಅಲ್ಲ ಅಲ್ವಾ? ಮತ್ತೆ ನಮಗೆ ಎಂತಕ್ಕೆ ಚಾಪೆ ಹಾಸಿದ್ದು?”